ಬೇರೆ ಥರ ಇದೆ

ಕರ್ಟ್‌ನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಕಸದ ಲಾರಿ ಎಂದಿನ ಹಾಗೆ ಬಂತು. ಯಾರು ಸತ್ತರೂ ಅದಕ್ಕೇನು. ಅದರ ಸದ್ದಿಗೆ ಅವನ ಹೆಂಡತಿ ಬ್ರಿಟಾ ಎದ್ದು ಕೂತಳು. ಹಿಂದಿನ ದಿನ ಉಟ್ಟಿದ್ದ ಕಪ್ಪು ಬಟ್ಟೆ ಮೈಮೇಲೆ ಹಾಗೇ ಇತ್ತು.

ಅಡುಗೆಮನೆಗೆ ಬಂದು ಫ್ರಿಜ್ ತೆರೆದಳು. ಊರಿನ ಹೆಂಗಸರೆಲ್ಲ ಅದರೊಳಗೆ ಕೂತಿದ್ದರು. ನೂಡಲ್ಸ್ ಮತ್ತು ಮಾಂಸದ ಅಗಲ ಪಾತ್ರೆ, ಆಲೂಗಡ್ಡೆಯ ಅಗಲ ಪಾತ್ರೆ, ಮೇಲೆ ಚೀಸ್ ಗಟ್ಟಿಯಾದ ಇನ್ನೊಂದು ಅಗಲ ಪಾತ್ರೆ. ಯಾವುದನ್ನು ಎತ್ತಿ ನೋಡಿದರೂ ತಳದಲ್ಲಿ ಕಾಗದದ ಪಟ್ಟಿ ಅಂಟಿಸಿ ಹೆಸರು ಬರೆದಿತ್ತು. ಸಾವಿನ ಮನೆಗೆ ಅಡುಗೆ ಕೊಡುವಾಗಲೂ ಪಾತ್ರೆ ಕಳೆದುಹೋಗಬಾರದು. ಬ್ರಿಟಾ ಫ್ರಿಜ್ ಮುಚ್ಚಿದಳು.

ಆಗ ಆ ವಾಸನೆ ಬಂತು.

ಅವಳಿಗೆ ವಾಸನೆಗಳ ಅಭ್ಯಾಸವಿತ್ತು. ಯೂನಿವರ್ಸಿಟಿಯಲ್ಲಿ ರಸಾಯನಶಾಸ್ತ್ರ ಓದಿ, ಈಗ ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಇದು ನೀರಿನದಲ್ಲ, ಚರಂಡಿಯದೂ ಅಲ್ಲ. ಮೂಗು ಎಳೆದ ಕಡೆ ಹೋದಳು. ಹಿಂಬಾಗಿಲಾಚೆಯ ಚಿಕ್ಕ ಜಗುಲಿಯಲ್ಲಿ, ಹಿಮದ ಬೂಟುಗಳ ಪಕ್ಕದಲ್ಲಿ, ಟವೆಲ್ ಹೊದ್ದು ಸ್ಲೋ ಕುಕ್ಕರ್ ಕೂತಿತ್ತು, ಕರೆಂಟಿನಲ್ಲಿ ನಿಧಾನಕ್ಕೆ ಬೇಯಿಸುವ ಪಿಂಗಾಣಿ ಮಡಕೆ.

ಒಂಬತ್ತು ದಿನದ ಹಿಂದೆ, ಕರ್ಟ್ ಸತ್ತ ಭಾನುವಾರ, ಅದರಲ್ಲಿ ಸ್ಟ್ಯೂ ಬೇಯುತ್ತಿತ್ತು. ಅದು ಬೇಯುತ್ತಿರಲಿ ಎಂದು ಬಿಟ್ಟು, ಬೆಣ್ಣೆ ತರುತ್ತೇನೆಂದು ಅವನು ಗಾಡಿ ತೆಗೆದ. ರಸ್ತೆಯ ಮೇಲೆ ಮಂಜು ಗಾಜಿನಂತೆ ಕಟ್ಟಿತ್ತು. ಗಾಡಿ ಜಾರಿತು. ಆಮೇಲೆ ಆಸ್ಪತ್ರೆ, ಪಾದ್ರಿ, ನೆಂಟರು. ಅಷ್ಟರ ನಡುವೆ ಮಡಕೆಯ ನೆನಪು ಯಾರಿಗಿರುತ್ತದೆ.

ಬ್ರಿಟಾ ಟವೆಲ್ ತೆಗೆದಳು. ಗಾಜಿನ ಮುಚ್ಚಳದ ಒಳಗೆ ಬೂದು ಬಣ್ಣದ ತುಪ್ಪಟ ಬೆಳೆದಿತ್ತು. ಮುಚ್ಚಳ ಎತ್ತಿದಾಗ ಬಾಯಿ ಬಿಟ್ಟ ಹಾಗೆ ಪಿಚಕ್ಕೆಂದಿತು. ಹಳದಿ ಕೊಬ್ಬು ಮೇಣದಂತೆ ಹೆಪ್ಪುಗಟ್ಟಿ, ನಡುವೆ ಬಿರುಕು ಬಿಟ್ಟು, ಬಿರುಕಿನಲ್ಲಿ ನೊರೆ ಉಕ್ಕುತ್ತಿತ್ತು. ಕೋಳಿಯ ಮೂಳೆಯೊಂದು ಮಾಂಸ ಕಳಚಿಕೊಂಡು ಮೇಲೆ ಬಂದಿತ್ತು. ಕ್ಯಾರೆಟ್ ಮಾತ್ರ ಏನೂ ಆಗದವರಂತೆ ಕೆಂಪಗೆ ಉಳಿದಿತ್ತು.

ಅವಳು ಹೊರಗೆ ಓಡಿ ಮೆಟ್ಟಿಲ ಪಕ್ಕದ ಕೊಳಕು ಹಿಮದ ಮೇಲೆ ಓಕರಿಸಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಏನೂ ಬರಲಿಲ್ಲ.

ಬಾಯಿ ಒರೆಸಿಕೊಳ್ಳುವಾಗ ಅವಳಿಗೆ ಒಂದು ವಿಷಯ ಹೊಳೆಯಿತು. ಆಸ್ಪತ್ರೆಯಿಂದ ಫೋನು ಬಂದಾಗಿನಿಂದ ಅವಳಿಗೆ ಏನೂ ಅನ್ನಿಸಿರಲಿಲ್ಲ. ಚರ್ಚಿನಲ್ಲಿ ಎಲ್ಲರೂ ಅತ್ತರು, ಇವಳು ಅಳಲಿಲ್ಲ. ಎಷ್ಟು ಗಟ್ಟಿ ಹುಡುಗಿ ಅಂದರು. ಇಷ್ಟು ದಿನದ ಮೇಲೆ ಮೈಯೊಳಗೆ ಮೊದಲು ಎದ್ದದ್ದು ದುಃಖವಲ್ಲ, ಹೇಸಿಗೆ. ಅವನ ಪಾಲಿಗೆ ತನ್ನಲ್ಲಿ ಉಳಿದಿರುವುದು ಇಷ್ಟೇ ಆದರೆ?

"ಬಾಗಿಲು ಹಾಕೇ! ಬೀದಿಗೆಲ್ಲಾ ನಾರ್ತಿದೆ!"

ಅತ್ತೆ ಮಾರ್ಲಿಸ್, ಕರ್ಟ್‌ನ ತಾಯಿ. ಮುಂಬಾಗಿಲು ತಟ್ಟುವ ಪದ್ಧತಿ ಅವಳಿಗಿರಲಿಲ್ಲ. ಮೂಗಿಗೆ ಕೈಗವಸು ಒತ್ತಿಕೊಂಡು ಜಗುಲಿ ಹತ್ತಿದಳು.

"ಇದನ್ನ ಇಲ್ಲಿ ತಂದಿಟ್ಟವರು ಯಾರು?"

"ನೀವೇ, ಮಾರ್ಲಿಸ್. ಫ್ರಿಜ್ಜಲ್ಲಿ ಜಾಗ ಇಲ್ಲ, ಜಗುಲೀಲಿ ಚಳಿ ಇದೆ, ಕೆಡಲ್ಲ ಅಂದ್ರಿ."

"ಆವತ್ತು ಚಳಿ ಇತ್ತು. ನಡುವೆ ಬಿಸಿಲು ಬಂದ್ರೆ ನಾನೇನ್ ಮಾಡ್ಲಿ? ಮನೇಲಿ ಸಾವಾಗಿದೆ, ಈ ವಾರ ಬರಬೇಡಪ್ಪಾ ಅಂತ ಹೇಳಿ ಕಳಿಸ್ಲಾ?"

ಅಷ್ಟು ಹೇಳಿ ಅವಳು ಮಡಕೆಯೊಳಗೆ ಬಗ್ಗಿ ನೋಡಿದಳು. ಕೈಗವಸು ತೆಗೆದು, ಬರಿಗೈಯಲ್ಲಿ ಮುಚ್ಚಳವನ್ನು ಮೆಲ್ಲಗೆ ಮೊದಲಿದ್ದ ಹಾಗೆ ಮುಚ್ಚಿದಳು.

"ಅವನ ಕೈಯಡುಗೆ, ಕೊನೇದು," ಅಂದಳು. "ಹೀಗಾಗಬಾರದಿತ್ತು."

ಒಳಗೆ ಬಂದು ಕುರ್ಚಿ ಎಳೆದು ಕೂತ ಮೇಲೆ ಅವಳು ಬಂದ ಕೆಲಸ ಹೇಳಿದಳು.

"ನಾಳೆ ಬುಧವಾರ, ಚರ್ಚಲ್ಲಿ ಸೂಪ್ ಊಟ ಇದೆಯಲ್ಲ. ಈ ಸಲ ಕರ್ಟ್ ಹೆಸರಲ್ಲಿ. ನೀನು ಅವನ ಸ್ಟ್ಯೂ ಮಾಡ್ತೀಯ. ಎಲ್ಲರಿಗೂ ಹೇಳಿಬಿಟ್ಟಿದೀನಿ."

"ನನಗೆ ಮಾಡೋಕೆ ಬರಲ್ಲ."

"ಅದರಲ್ಲಿ ಬರೋದೇನಿದೆ? ಬೆಳಿಗ್ಗೆ ಎಲ್ಲಾ ಹಾಕು, ಮುಚ್ಚು, ಸಂಜೆ ತೆಗಿ. ಅಡುಗೆ ಬರದೋರಿಗೆ ಅಂತಲೇ ಹುಟ್ಟಿದ ಮಡಕೆ ಅದು. ಅಷ್ಟೆಲ್ಲಾ ಓದಿದೀಯ, ಆಲೂಗಡ್ಡೆ ಹೆಚ್ಚೋಕಾಗಲ್ವಾ?" ಎಂದು ನಕ್ಕು, ಆ ನಗು ತನಗೇ ಹಿಡಿಸದೆ ಕರವಸ್ತ್ರ ಹುಡುಕಿದಳು. "ಮಡಕೆ ಚರ್ಚಿನ ವರ್ನಾದು. ನಿನ್ನೆ ಸ್ಮಶಾನದಲ್ಲಿ ಸಿಕ್ಕಿ, ನಿಧಾನಕ್ಕೆ ಕೊಡ್ಲಿ, ಅವಸರ ಇಲ್ಲ ಅಂದ್ಲು. ಕಾಫಿ ಕುಡಿಯುವಾಗ ಇನ್ನೊಂದ್ಸಲ ಅಂದ್ಲು. ಅಂದ್ರೆ ಅವಸರ ಇದೆ. ಅಲ್ಲೇ ಊಟಕ್ಕಿಟ್ಟು, ಅಲ್ಲೇ ತೊಳೆದು ಅವಳಿಗೆ ಕೊಟ್ಟುಬಿಟ್ರೆ ಆಯ್ತು. ನಿನಗಂತೂ ಆ ಸ್ಟ್ಯೂ ಅಂದ್ರೆ ಪ್ರಾಣ."

ಬೇಡ ಅನ್ನುವ ಮಾತು ಬ್ರಿಟಾಳ ಗಂಟಲಿನವರೆಗೆ ಬಂತು.

"ಆಗಲಿ," ಅಂದಳು.

ಮಿನ್ನೆಸೋಟದ ಆ ಊರಿನಲ್ಲಿ ಬೇಡವೆಂದು ಯಾರೂ ಹೇಳುವುದಿಲ್ಲ, ಚೆನ್ನಾಗಿಲ್ಲವೆಂದಂತೂ ಇಲ್ಲವೇ ಇಲ್ಲ. ಹೊಸ ಟೋಪಿ ವಿಕಾರವಾಗಿದ್ದರೆ, ನೆಂಟರು ಮಾಡಿದ ಸಾರು ಬಾಯಿಗಿಡುವಂತಿರದಿದ್ದರೆ, ಮುಗುಳ್ನಕ್ಕು, ‘ಬೇರೆ ಥರ ಇದೆ’ ಅನ್ನುತ್ತಾರೆ. ಅದಕ್ಕಿಂತ ಕಟುವಾದ ಮಾತು ಅಲ್ಲಿಲ್ಲ. ಕೇಳಿದವರಿಗೆ ಅರ್ಥವಾಗುತ್ತದೆ, ಟೋಪಿ ಕಪಾಟು ಸೇರುತ್ತದೆ.

ಮದುವೆಯಾದ ಹೊಸತರಲ್ಲಿ ಕರ್ಟ್ ಮೊದಲ ಸಲ ಆ ಸ್ಟ್ಯೂ ಮಾಡಿದಾಗ ಬ್ರಿಟಾ ಅದೇ ಮಾತು ಹೇಳಿದ್ದಳು. ಅವನು ಅವಳ ಮುಖ ನೋಡಿದ. "ಹೌದಾ?" ಅಂದ. ಮುಂದಿನ ಭಾನುವಾರ ಮತ್ತೆ ಅದನ್ನೇ ಮಾಡಿದ. ಶಾಲಾ ಬಸ್ಸುಗಳ ಮೆಕ್ಯಾನಿಕ್ ಅವನು. ಗ್ರೀಸು ಹೋಗುವವರೆಗೆ ಕೈ ಉಜ್ಜಿ ತೊಳೆದು, ಕೋಳಿಯ ತೊಡೆ, ಆಲೂಗಡ್ಡೆ, ಕ್ಯಾರೆಟ್, ಡಬ್ಬದ ಅಣಬೆ ಸೂಪು ಎಲ್ಲ ತುಂಬಿ, ಚರ್ಚಿನಿಂದ ಬಂದಾಗಿನಿಂದ ಕತ್ತಲಾಗುವವರೆಗೆ ಬೇಯಿಸುತ್ತಿದ್ದ. ಆರಿದ ಮೇಲೆ ವಾರದ ಊಟವೆಂದು ಪ್ಲಾಸ್ಟಿಕ್ ಡಬ್ಬಿಗಳಿಗೆ ಬಡಿಸಿ ಫ್ರಿಜ್ಜಿನಲ್ಲಿ ಸಾಲಾಗಿ ಜೋಡಿಸುತ್ತಿದ್ದ. ಒಂದು ಸಾಲು ಅವನಿಗೆ, ಒಂದು ಇವಳಿಗೆ.

ಇವಳು ಡಬ್ಬಿಯನ್ನು ಲ್ಯಾಬಿಗೆ ಒಯ್ಯುತ್ತಿದ್ದಳು. ಮಧ್ಯಾಹ್ನ ಎಲ್ಲರೂ ಎದ್ದು ಹೋದ ಮೇಲೆ ಕಸದ ಬುಟ್ಟಿಗೆ ಸುರಿಯುತ್ತಿದ್ದಳು. ಒಸರುವ ಹಾಗೆ ಜಾರಿ ಹೋಗುವ ಅದನ್ನು ನೋಡಲಾಗದೆ ಮುಖ ತಿರುಗಿಸಿ ಸುರಿಯುತ್ತಿದ್ದಳು. ಆಮೇಲೆ ಡಬ್ಬಿ ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಸಂಜೆ ಕರ್ಟ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡುತ್ತಿದ್ದ. ತಾನು ಹೇಳಬೇಕಾದ್ದನ್ನು ಹೇಳಿಯಾಗಿದೆ, ಅರ್ಥ ಮಾಡಿಕೊಳ್ಳದವನು ಅವನು ಎಂದು ಬ್ರಿಟಾ ಒಳಗೊಳಗೇ ಕುದಿಯುತ್ತಿದ್ದಳು. ಮದುವೆಯ ಅಷ್ಟೂ ವರ್ಷ ಹೀಗೇ ಹೋಯಿತು.

ಮಾರ್ಲಿಸ್ ಹೋದ ಮೇಲೆ, ಜಗುಲಿಯಲ್ಲಿ ಕೊಳೆತದ್ದನ್ನು ಅವಳು ಬೇರೆ ಯಾರ ಕೈಗೂ ಕೊಡಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಚೀಲಕ್ಕೆ ಸುರಿದು ಗಂಟು ಹಾಕಿದಳು. ಸೋಡಾಪುಡಿ ಹಾಕಿ ಉಜ್ಜಿದಳು, ವಿನೆಗರ್ ಹಾಕಿ ಉಜ್ಜಿದಳು. ಪಿಂಗಾಣಿ ಹೊಳೆಯಿತು. ವಾಸನೆ ಮಡಕೆಯಲ್ಲಿದೆಯೋ ತನ್ನ ಕೂದಲಲ್ಲಿದೆಯೋ ತಿಳಿಯದೆ ತಲೆಗೂ ಸ್ನಾನ ಮಾಡಿದಳು.

ಬುಧವಾರ ಬೆಳಿಗ್ಗೆ ಕೋಳಿಯ ಪೊಟ್ಟಣ ಬಿಚ್ಚಿದಳು. ತೊಡೆಗಳು ಒಂದಕ್ಕೊಂದು ಅಂಟಿಕೊಂಡು, ಕೆಳಗಿನ ಹೀರುಹಾಳೆ ತಿಳಿಗೆಂಪಾಗಿ ನೆಂದಿತ್ತು. ಚರ್ಮದ ಮೇಲೆ ಸಣ್ಣ ಗುಳ್ಳೆಗಳು, ಒಂದು ಕಡೆ ಕೀಳಲು ಮರೆತ ಪುಕ್ಕದ ಮೊಳೆ. ಬೆರಳಿಟ್ಟಳು. ತಣ್ಣಗೆ, ಬಿಗಿಯಾಗಿ, ಒತ್ತಿದರೆ ಒತ್ತಿಸಿಕೊಳ್ಳುವ ಚರ್ಮ.

ಆ ತಣುಪು ಅವಳಿಗೆ ಗೊತ್ತಿತ್ತು. ಶವಪೆಟ್ಟಿಗೆಯೊಳಗೆ ಕರ್ಟ್‌ನನ್ನು ಸಿಂಗರಿಸಿ ಮಲಗಿಸಿದ್ದರು. ಕೆನ್ನೆಗೆ ಗುಲಾಬಿ ಪುಡಿ, ತುಟಿಗೆ ಏನೋ ಬಣ್ಣ, ಉಗುರಿನ ಸಂದಿಯ ಗ್ರೀಸಿನ ಗೆರೆಗಳು ಮಾಯ. ಎಲ್ಲರೂ ನೋಡುತ್ತಿದ್ದರೆಂದು ಅವಳು ಬಗ್ಗಿ ಅವನ ಕೈ ಮುಟ್ಟಿದಳು. ಮುಟ್ಟಿದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಜೇಬಿನೊಳಗೇ ಒರೆಸಿಕೊಂಡಳು. ಯಾರಿಗೂ ಕಾಣಲಿಲ್ಲ. ಅವಳಿಗೆ ಮಾತ್ರ ಗೊತ್ತು, ಗಂಡನ ಕೈ ಮುಟ್ಟಿದ್ದನ್ನು ತಾನು ಒರೆಸಿಕೊಂಡದ್ದು.

ಅವಳು ತೊಡೆಗಳನ್ನು ಮಡಕೆಗೆ ಹಾಕಿದಳು. ಕ್ಯಾರೆಟ್ ಹೆಚ್ಚಿದಳು, ಆಲೂಗಡ್ಡೆ ಹೆಚ್ಚಿದಳು. ಅಣಬೆ ಸೂಪಿನ ಡಬ್ಬ ತೆರೆದು ಬೋರಲು ಹಾಕಿದಾಗ ಅದು ಡಬ್ಬದ ಆಕಾರದಲ್ಲೇ, ಡಬ್ಬದ ಬಳೆಗಳ ಗುರುತಿನ ಸಮೇತ, ಬೂದು ಉರುಳೆಯಾಗಿ ಜಾರಿ ಬಂದು ಕೋಳಿಯ ಮೇಲೆ ನಿಂತಿತು. ಆಮೇಲೆ ಒಂದು ಬದಿಗೆ ಕುಸಿಯಿತು. ಮುಚ್ಚಳ ಮುಚ್ಚಿ ಸ್ವಿಚ್ ಹಾಕಿ, ದಿನವಿಡೀ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ವಾಸನೆ ಮೆಟ್ಟಿಲು ಹತ್ತಿ ಬಂದು ಬಾಗಿಲ ಕೆಳಗಿಂದ ಒಳಗೆ ನುಸುಳಿತು.

ಸಂಜೆ ಅವಳು ಚರ್ಚಿನ ನೆಲಮಾಳಿಗೆಗೆ ಇಳಿದಾಗ ಮಾರ್ಲಿಸ್, ವರ್ನಾ ಇಬ್ಬರೇ ಇದ್ದರು. ಉದ್ದ ಮೇಜಿನ ಮೇಲೆ ಸ್ಲೋ ಕುಕ್ಕರುಗಳು ಸಾಲಾಗಿ ಕೂತು ಗೊಣಗುತ್ತಿದ್ದವು. ಯಾವ ಮಡಕೆಯ ತಂತಿ ಯಾವ ಗೋಡೆಯ ಪ್ಲಗ್ಗಿಗೆ ಎಂಬ ಜಗಳ ನಡೆದಿತ್ತು.

"ಎಲ್ಲಾ ಒಂದೇ ಕಡೆ ಚುಚ್ಚಬೇಡ ಕಣೇ, ಫ್ಯೂಸ್ ಹೋಗುತ್ತೆ," ಅಂದಳು ವರ್ನಾ. ಮಾರ್ಲಿಸ್‌ಗಿಂತ ಹಿರಿಯಳು, ಕಡ್ಡಿಯಂಥ ಮುದುಕಿ, ಏಪ್ರನ್ ಅವಳನ್ನು ಎರಡು ಸುತ್ತು ಸುತ್ತಿತ್ತು. "ಹೋದ ವರ್ಷ ಬೀನ್ಸ್ ಸೂಪು ಅರ್ಧ ಬೆಂದದ್ದು ನೆನಪಿಲ್ವಾ?"

"ಅದು ಫ್ಯೂಸಿನ ತಪ್ಪಲ್ಲ ವರ್ನಾ, ನೀನು ಬೀನ್ಸ್ ನೆನೆಸಿರಲಿಲ್ಲ."

"ನೆನೆಸಿದ್ದೆ. ಹಟಮಾರಿ ಬೀನ್ಸು, ನಿನ್ನ ಹಾಗೆ."

ಬ್ರಿಟಾಳನ್ನು ಕಂಡು ಇಬ್ಬರೂ ತಂತಿ ಕೆಳಗಿಟ್ಟರು. ವರ್ನಾ ಬಂದು ಮಡಕೆ ಇಳಿಸಿಕೊಂಡಳು.

"ಯಾಕಮ್ಮಾ ಇಷ್ಟು ಅವಸರ ಮಾಡಿದೆ? ನನಗೇನು ಈಗಲೇ ಬೇಕಿತ್ತಾ," ಎನ್ನುತ್ತ ಮಡಕೆಯ ಅಂಚಿನಲ್ಲಿ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿದಳು. ಮುಚ್ಚಳ ತೆರೆದಳು. ಉಗಿ ಎದ್ದಿತು. ಬ್ರಿಟಾ ಉಸಿರು ಹಿಡಿದಳು.

"ಅದೇ ವಾಸನೆ," ಅಂದಳು ಮಾರ್ಲಿಸ್. ಅವಳ ಕಣ್ಣು ತುಂಬಿತು.

"ಪಾಪದ ಹುಡುಗ," ಅಂದಳು ವರ್ನಾ. "ಚಳಿಗಾಲದ ಶುರುವಲ್ಲಿ ಬಂದಿದ್ದ ನಮ್ಮನೆಗೆ. ಬಿಸಿ ಮಡಕೆಗೆ ತಣ್ಣೀರು ಹುಯ್ದು ಒಡೆದುಕೊಂಡುಬಿಟ್ಟೆ ವರ್ನಾ ಅಂತ. ಆ ಮುಖದಲ್ಲಿ ಬೇಜಾರೇ ಇರಲಿಲ್ಲ ಕಣೇ, ಬೇಕಂತಲೇ ಹುಯ್ದನೋ ಏನೋ! ಇನ್ನು ಸ್ಟ್ಯೂ ನಿಲ್ಲಿಸಿಬಿಡ್ತೀನಿ ಅಂದ. ಯಾಕೋ, ಹೆಂಡ್ತಿಗೆ ಹಿಡಿಸಲ್ವಾ ಅಂದೆ. ಅದೇ ಗೊತ್ತಾಗ್ತಿಲ್ಲ, ಬಾಯಲ್ಲಿ ಬೇರೆ ಥರ ಇದೆ ಅಂದಿದ್ಲು, ಡಬ್ಬಿ ನೋಡಿದ್ರೆ ನೆಕ್ಕಿದ ಹಾಗೆ ಖಾಲಿ ಬರುತ್ತೆ, ಯಾವುದನ್ನ ನಂಬಲಿ ಅಂದ."

"ನೀನೇನಂದೆ?" ಎಂದು ಕೇಳಿದಳು ಮಾರ್ಲಿಸ್.

"ನಮ್ಮೂರ ಹೆಂಗಸರ ಬಾಯಿ ನಂಬಬೇಡ ಕಣೋ, ಡಬ್ಬಿ ನಂಬು ಅಂದೆ. ನನ್ನ ಮಡಕೆ ಅವನ ಕೈಗಿಟ್ಟು ಕಳಿಸಿದೆ."

ಮಾರ್ಲಿಸ್ ಕಣ್ಣೀರಿನ ನಡುವೆ ನಕ್ಕಳು. "ಅವನಿಗೋ ಬೆಂದ ಕ್ಯಾರೆಟ್ ಕಂಡ್ರಾಗ್ತಿರಲಿಲ್ಲ, ಚಿಕ್ಕಂದಿನಿಂದ. ಮಧ್ಯಾಹ್ನ ನನ್ನ ಮನೆಗೆ ಬಂದು ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿಂದು ಹೋಗೋನು. ಅವನ ಡಬ್ಬಿ ನಮ್ಮ ನಾಯಿಗೆ. ಯಾಕೋ ಈ ಅವಸ್ಥೆ ಅಂದ್ರೆ, ಬ್ರಿಟಾಗೆ ಇಷ್ಟಮ್ಮಾ, ಏನ್ ಮಾಡೋದು ಅನ್ನೋನು. ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದ, ಬ್ರಿಟಾ."

ಬ್ರಿಟಾ ಮೇಜಿನ ಅಂಚು ಹಿಡಿದುಕೊಂಡಳು. ಈಗ ಸುಮ್ಮನಿದ್ದರೆ ಮುಗಿಯಿತು. ಇಬ್ಬರೂ ಇದನ್ನು ಪ್ರೀತಿಯ ಕಥೆಯೆಂದು ಊರಿಗೆಲ್ಲ ಹೇಳುತ್ತಾರೆ, ಪ್ರತಿವರ್ಷ ಅವನ ಹೆಸರಲ್ಲಿ ಈ ಮಡಕೆ ಬೇಯುತ್ತದೆ, ಪ್ರತಿವರ್ಷ ತಾನು ಇದನ್ನು ನುಂಗಬೇಕು.

"ನಾನು ತಿಂತಿರಲಿಲ್ಲ," ಅಂದಳು.

"ಏನಂದೆ?"

"ಚೆಲ್ತಿದ್ದೆ. ಲ್ಯಾಬಿನ ಕಸದ ಬುಟ್ಟಿಗೆ. ಆಮೇಲೆ ಡಬ್ಬಿ ತೊಳೀತಿದ್ದೆ."

ಮಾರ್ಲಿಸ್ ಅವಳನ್ನೇ ನೋಡಿದಳು. "ಪ್ರತಿ ವಾರ?"

"ಪ್ರತಿ ವಾರ. ನನಗೆ ಅದನ್ನ ಕಂಡ್ರೆ ಹೇಸಿಗೆ, ಮಾರ್ಲಿಸ್. ಈಗಲೂ."

"ನಮ್ಮ ನಾಯಿಯಾದ್ರೂ ತಿಂತು," ಅಂದಳು ಮಾರ್ಲಿಸ್. "ನನ್ನ ಮಗ ಮೂಗು ಮುಚ್ಚಿಕೊಂಡು ಬೇಯಿಸಿದ. ನಿನ್ನ ಬಾಯಲ್ಲಿ ಒಂದು ಮಾತು ಬರಲಿಲ್ವಾ?"

"ಬೇರೆ ಥರ ಇದೆ ಅಂದಿದ್ದೆ."

ಅದಕ್ಕಿಂತ ಬಿಡಿಸಿ ಹೇಳುವುದನ್ನು ಆ ಮೂವರಲ್ಲಿ ಯಾರಿಗೂ ಯಾರೂ ಕಲಿಸಿರಲಿಲ್ಲ. ವರ್ನಾ ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಆ ಮಾತು ನಂಬಬೇಡ ಅಂದವಳು ನಾನು," ಅಂದಳು ಸಣ್ಣ ದನಿಯಲ್ಲಿ.

ಬ್ರಿಟಾಳಿಗೆ ಭಾನುವಾರಗಳು ಕಣ್ಣ ಮುಂದೆ ಬಂದವು. ಹೊರಗೆ ಮೂಗು ಉದುರಿಹೋಗುವ ಚಳಿ, ಕರ್ಟ್ ಅಡುಗೆಮನೆಯ ಕಿಟಕಿ ತೆರೆದು ಅದಕ್ಕೆ ಆತುಕೊಂಡು ನಿಂತಿರುತ್ತಿದ್ದ. ಮನೆ ಬೆಚ್ಚಗೆ ಮಾಡಿದ್ದೆಲ್ಲ ಹಾಳು ಎಂದು ಇವಳು ರೇಗುತ್ತಿದ್ದಳು. ಗಾಳಿ ಬೇಕು ಎನ್ನುತ್ತಿದ್ದ. ಮೇಲಿನ ಕೋಣೆಯಲ್ಲಿ ಇವಳೂ ಕಿಟಕಿ ತೆರೆದೇ ಕೂತಿರುತ್ತಿದ್ದಳು. ಒಂದೇ ಮನೆ, ಒಂದೇ ವಾಸನೆ. ಒಬ್ಬರು ಕೆಳಗೆ ಒಬ್ಬರು ಮೇಲೆ ತಲೆ ಹೊರಗೆ ಹಾಕಿ ಉಸಿರಾಡಿದ್ದರು. ಅವನ ಹೇಸಿಗೆಗೂ ತನ್ನದಕ್ಕೂ ಒಂದು ಮಹಡಿಯಷ್ಟೇ ಅಂತರವಿತ್ತು. ಅದು ತನ್ನೊಬ್ಬಳದಲ್ಲ. ಅವರಿಬ್ಬರ ಸಂಸಾರದಲ್ಲಿ ಇಬ್ಬರಿಗೂ ಸೇರಿದ್ದು ಅದೊಂದು ಇತ್ತು, ಅದನ್ನೂ ಹಂಚಿಕೊಳ್ಳಲಿಲ್ಲ.

ಎದೆಯಲ್ಲಿ ಏನೋ ಕಿತ್ತುಕೊಂಡು ಮೇಲೆ ಬಂತು. ವಾಂತಿಯೆಂದುಕೊಂಡು ಬಾಯಿಗೆ ಕೈ ಒತ್ತಿದಳು. ವಾಂತಿಯಲ್ಲ. ಕೈ ಒದ್ದೆಯಾದದ್ದು ಕಣ್ಣಿನಿಂದ.

ಅವಳು ಅಳುವುದನ್ನು ಮಾರ್ಲಿಸ್ ಸುಮ್ಮನೆ ನೋಡಿದಳು. ಹತ್ತಿರ ಬರಲಿಲ್ಲ. "ಜನ ಬರೋ ಹೊತ್ತಾಯ್ತು. ಇದನ್ನೇನು ಮಾಡೋದು?" ಅಂದಳು.

"ಯಾರಿಗೂ ಬಡಿಸೋದು ಬೇಡ."

"ನನಗೆ ಬಡಿಸು."

"ಮಾರ್ಲಿಸ್, ಬೇಡ."

"ಬಡಿಸು ಅಂದೆ."

ಬ್ರಿಟಾ ಒಂದು ಬಟ್ಟಲಿಗೆ ಬಡಿಸಿದಳು. ಮಾರ್ಲಿಸ್ ಮಡಚುವ ಕುರ್ಚಿಯಲ್ಲಿ ನೆಟ್ಟಗೆ ಕೂತು ತಿಂದಳು. ಬೆಂದು ಹಿಂಜಿದ ಚರ್ಮ ಚಮಚದಿಂದ ಜೋತು ಬೀಳುತ್ತಿತ್ತು. ಕೊಬ್ಬು ತುಟಿಯ ಮೂಲೆಯಲ್ಲಿ ಹೊಳೆಯಿತು. ಬ್ರಿಟಾ ಈ ಸಲ ಮುಖ ತಿರುಗಿಸಲಿಲ್ಲ. ಮಾರ್ಲಿಸ್ ಕ್ಯಾರೆಟ್ಟಿನ ತುಂಡೊಂದನ್ನು ನಾಲಿಗೆಯಿಂದ ಒತ್ತಿ ನುಂಗಿ, ಚಮಚ ಕೆಳಗಿಟ್ಟಳು.

"ಥೂ," ಅಂದಳು. "ಎಷ್ಟು ಕೆಟ್ಟದಾಗಿದೆಯೇ ಇದು!"

ಅಂಥ ಮಾತು ಆ ನೆಲಮಾಳಿಗೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ವರ್ನಾ ಅತ್ತಿತ್ತ ನೋಡಿ, ಪಾದ್ರಿಗೆ ಕೇಳಿಸಿತೇನೋ ಎಂದು ಮೆಟ್ಟಿಲ ಕಡೆ ಕತ್ತು ಚಾಚಿದಳು. ಮಾರ್ಲಿಸ್ ಮತ್ತೆ ಚಮಚ ಎತ್ತಿಕೊಂಡು ಬಟ್ಟಲು ಮುಗಿಸಿದಳು. ಬ್ರಿಟಾ ಅವಳಿಗೆ ನೀರು ಕೊಟ್ಟಳು. ಅವಳು ನೀರು ತೆಗೆದುಕೊಂಡಳು, ಸೊಸೆಯ ಮುಖ ನೋಡಲಿಲ್ಲ.

ಉಳಿದದ್ದನ್ನು ಬ್ರಿಟಾ ಒಳಗಿನ ಕಸದ ಡ್ರಮ್ಮಿಗೆ ಅವರಿಬ್ಬರೆದುರಿಗೇ ಸುರಿದಳು. ಮಡಕೆ ಆರುವವರೆಗೆ ಕಾದು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದಳು, ಒರೆಸಿದಳು, ತಂತಿ ಸುತ್ತಿದಳು. ಅಷ್ಟರಲ್ಲಿ ಮೇಲಿಂದ ಜನ ಇಳಿಯತೊಡಗಿದ್ದರು. ವರ್ನಾ ತನ್ನ ಬೀನ್ಸ್ ಸೂಪನ್ನು ಒಂದು ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ ತಂದಳು.

"ತಗೋಮ್ಮಾ, ಮನೆಗೆ ಒಯ್ಯಿ. ನಾಳೆಗಾಗುತ್ತೆ. ಮಡಕೆ ಬೇಕಾದ್ರೆ ಇನ್ನೂ ಇಟ್ಕೋ, ನನಗೇನೂ ಅವಸರ ಇಲ್ಲ."

"ಸೂಪು ಬೇಡ ವರ್ನಾ. ನನಗೆ ಹಿಡಿಸಲ್ಲ," ಅಂದಳು ಬ್ರಿಟಾ. "ಮಡಕೆ ತಗೊಳ್ಳಿ. ನಿಮ್ಮದು."

ವರ್ನಾಳ ಕಿವಿ ಕೆಂಪಾಯಿತು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಚಾಚಿ ಮಡಕೆಯನ್ನು ತೆಗೆದುಕೊಂಡಳು.